ಐದು ಮನೆ ಬೀಗದಕೈ

ನನ್ನ ಹೊಲಿಗೆ ಮಿಷನ್ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದಿದೆ. ಅಳತೆ ಟೇಪು ನೇತುಹಾಕೋಕೆ ಅಂತ ಹೊಡೆಸಿದ್ದು. ಮೊನ್ನೆಮೊನ್ನೆವರೆಗೂ ಅದರಲ್ಲಿ ಟೇಪಿಗೆ ಜಾಗ ಇರಲಿಲ್ಲ, ಐದು ಮನೆ ಗೇಟಿನ ಬೀಗದಕೈ ನೇತಾಡ್ತಿದ್ವು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು, ಒಂದಕ್ಕೆ ಜರಿ, ಒಂದಕ್ಕೆ ಹುಕ್ಕು ಹೊಲಿದ ಬಟ್ಟೆ ತುಂಡು. ಐದನೇದಕ್ಕೆ ಅವರೇ ತಂದುಕೊಟ್ಟ ತಿರುಪತಿ ತಿಮ್ಮಪ್ಪನ ಕೀಚೈನು. ರಾತ್ರಿ ಎರಡು ಗಂಟೆಗೆ ನೀರು ಬಂದಾಗ, ಅರೆಗಣ್ಣಲ್ಲಿ ಎದ್ದು ಹೋದರೂ ಯಾವ ಕೈ ಯಾರ ಮನೇದು ಅಂತ ಗೊತ್ತಾಗ್ಲಿ ಅಂತ ಈ ಏರ್ಪಾಡು.

ನಮ್ದು ತುಮಕೂರು, ಶಿರಾಗೇಟ್ ಕಡೆ ಒಂದು ಅಡ್ಡರಸ್ತೆ. ಯಜಮಾನ್ರು ಅಂತರಸನಹಳ್ಳಿ ಮಾರ್ಕೆಟ್ಟಿನ ಒಂದು ತರಕಾರಿ ಮಂಡೀಲಿ ಲೆಕ್ಕ ಬರೀತಾರೆ, ಬೆಳಗಿನ ಜಾವ ಮೂರೂವರೆಗೆ ಎದ್ದು ಹೋಗ್ತಾರೆ. ಮಗ ಡಿಪ್ಲೊಮಾ ಓದ್ತಿದ್ದಾನೆ. ನಾನು ಹದಿನೇಳು ವರ್ಷದಿಂದ ಇದೇ ಹಾಲ್‌ನಲ್ಲಿ ಕೂತು ಬ್ಲೌಸ್ ಹೊಲೀತೀನಿ, ಫಾಲ್ಸ್ ಹಾಕ್ತೀನಿ, ಮದುವೆ ಸೀಸನ್ನಲ್ಲಿ ಸೀರೆಗೆ ಕುಚ್ಚು ಕಟ್ತೀನಿ. ಬೀದಿಯೋರೆಲ್ಲ ಟೈಲರಕ್ಕ ಅಂತಾರೆ. ಹೆಸರು ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಮೊದಲನೇ ಬೀಗದಕೈ ಬಂದಿದ್ದು ಮೂರು ವರ್ಷದ ಹಿಂದೆ. ಎರಡು ಮನೆ ಆಚೆ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು, ಅವಳು ಬ್ಯಾಂಕಲ್ಲಿ. ಒಂದಿನ ಬೆಳಿಗ್ಗೆ ಟಿಫಿನ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತು, "ಅಕ್ಕಾ, ಇವತ್ತು ನೀರು ಬಿಡಬಹುದಂತೆ. ನೀವು ಮನೇಲೇ ಇರ್ತೀರಲ್ಲ, ಸ್ವಲ್ಪ ಪೈಪ್ ಹಾಕಿಬಿಡ್ತೀರಾ?" ಅಂದಳು. ಒಳ್ಳೆ ಹುಡುಗಿ. ಸರಿ ಅಂದೆ. ಆಮೇಲೆ ಮೇಷ್ಟ್ರು ಮನೇದು ಬಂತು. ಆಮೇಲೆ ಆಸ್ಪತ್ರೇಲಿ ಶಿಫ್ಟ್ ಮಾಡೋ ನರ್ಸಮ್ಮಂದು. ಮಗಳ ಬಾಣಂತನಕ್ಕೆ ಅಂತ ಹೋದ ಮೂಲೆಮನೆ ಆಂಟಿ ಬೀಗದಕೈ ಕೊಟ್ಟು ಹೋದೋರು, ಬಾಣಂತನ ಮುಗಿಸಿ ಬಂದು ಆರು ತಿಂಗಳಾದ್ರೂ ವಾಪಸ್ ಕೇಳಲಿಲ್ಲ. ಐದನೇದು ಎದುರುಮನೆ ಅಜ್ಜೀದು. ಅಜ್ಜಿ ಮೂರು ಹೊತ್ತೂ ಮನೇಲೇ ಇರ್ತಾಳೆ, ಆದ್ರೆ ಮಂಡಿನೋವು, ಸಂಪಿನ ಮುಚ್ಚಳ ಎತ್ತೋಕಾಗಲ್ಲ.

"ನೀವು ಮನೇಲೇ ಇರ್ತೀರಲ್ಲ." ಈ ಮಾತಿನ ಮೇಲೆ ನಂಗೆ ಸಿಟ್ಟಿದೆ, ಇವತ್ತು ಬರೆದೇ ತೀರಿಸ್ಕೋತೀನಿ. ಗ್ಯಾಸ್ ಸಿಲಿಂಡರ್ ಬಂದ್ರೆ ನಾನು ಮನೇಲೇ ಇರ್ತೀನಿ. ಕೊರಿಯರ್ ಹುಡುಗನಿಗೂ ಗೊತ್ತು, ನಾನು ಮನೇಲೇ ಇರ್ತೀನಿ. ಸ್ಕೂಲ್ ವ್ಯಾನಿನಿಂದ ಮಗು ಇಳಿದ್ರೆ, ಅರ್ಧ ಗಂಟೆ ಅಷ್ಟೇ ಅಕ್ಕ, ನೀವು ಹೇಗೂ ಮನೇಲೇ. ಹೌದು ಮಾರಾಯ್ರೇ, ಮನೇಲೇ ಇರ್ತೀನಿ, ಯಾಕಂದ್ರೆ ನನ್ನ ಮಿಷನ್ ಮನೇಲಿದೆ! ಮಾಘಮಾಸದಲ್ಲಿ ಒಂದೇ ವಾರಕ್ಕೆ ಇಪ್ಪತ್ತೆರಡು ಬ್ಲೌಸ್ ಇರುತ್ವೆ, ಅದರಲ್ಲಿ ಮದುಮಗಳದ್ದು ಮೂರು, ಮೂರಕ್ಕೂ ಕೈಮೇಲೆ ವರ್ಕು. ತೋಳಿನ ಸುತ್ತು ಕೂರಿಸೋವಾಗ ಎದ್ದು ಹೋದ್ರೆ ಅದು ಎಲ್ಲಿ ನಿಂತಿತ್ತು ಅಂತ ಬಟ್ಟೆ ಜ್ಞಾಪಕ ಇಟ್ಕೊಳ್ಳಲ್ಲ, ನಾನೇ ಬಿಚ್ಚಿ ಮತ್ತೆ ಕೂರಿಸ್ಬೇಕು. ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತೋರಿಗೆ ಯಾರಾದ್ರೂ "ನೀವು ಹೇಗೂ ಬ್ಯಾಂಕಲ್ಲೇ ಇರ್ತೀರಲ್ಲ, ನಮ್ಮ ಹಾಲು ಕಾಯಿಸಿಬಿಡಿ" ಅಂತಾರಾ?

ನೀರಿನ ವಿಷಯ ಹೊರಗಿನೋರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಹರಿಯೋ ನದಿ ಇಲ್ಲ. ಪಕ್ಕದ ದೇವರಾಯನದುರ್ಗದಲ್ಲಿ ಶಿಂಷಾ ಹುಟ್ಟುತ್ತೆ, ಜಯಮಂಗಲಿ ಹುಟ್ಟುತ್ತೆ. ಒಂದು ಕಾವೇರಿ ಕಡೆ ಹೋಗುತ್ತೆ, ಇನ್ನೊಂದು ಕೊರಟಗೆರೆ, ಮಧುಗಿರಿ ಹಾದು ಪಿನಾಕಿನಿ ಕಡೆ. ಎರಡೂ ತವರುಮನೆ ಕಡೆ ತಿರುಗಿ ನೋಡಲ್ಲ. ನಾವು ಕುಡಿಯೋದು ಹೇಮಾವತಿ. ಮೂಡಿಗೆರೆ ಸೀಮೇಲಿ ಹುಟ್ಟಿ, ಹಾಸನದ ಗೊರೂರು ಅಣೆಕಟ್ಟಲ್ಲಿ ನಿಂತು, ಅಲ್ಲಿಂದ ನಾಲೇಲಿ ಹೊರಟು, ತಿಪಟೂರು ತುರುವೇಕೆರೆ ಗುಬ್ಬಿ ಸೀಮೆ ಹಾದು ಬುಗುಡನಹಳ್ಳಿ ಕೆರೆಗೆ ಬಂದು ತುಂಬ್ಕೋಬೇಕು. ಆಮೇಲೆ ಶುದ್ಧ ಆಗಿ, ದೊಡ್ಡ ಟ್ಯಾಂಕಿಗೆ ಏರಿ, ನಮ್ಮ ಅಡ್ಡರಸ್ತೆ ವಾಲ್ವ್ ತಿರುಗಬೇಕು. ಇಷ್ಟು ದೂರ ಬಂದ ನೀರಿಗೆ ಕೊನೇ ನೂರು ಅಡೀಲಿ ಬಿಂಕ. ನಾಲ್ಕು ದಿನಕ್ಕೊಮ್ಮೆ ಬರುತ್ತೆ, ಐದು ದಿನಕ್ಕೊಮ್ಮೆ ಬರುತ್ತೆ, ಬೇಸಿಗೇಲಿ ಕೆರೆ ತಳ ಕಂಡ್ರೆ ಎಂಟು ದಿನವಾದ್ರೂ ಆಯ್ತು. ಹೊತ್ತು ಗೊತ್ತು ಅನ್ನೋದಿಲ್ಲ.

ಹಂಗಾಗಿ ನಮ್ಮ ಕ್ಯಾಲೆಂಡರೇ ಬೇರೆ. ನೆಂಟರು ಬರ್ತೀವಿ ಅಂತ ಫೋನ್ ಮಾಡಿದ್ರೆ ನಾಲಿಗೆ ತುದೀಲಿ ಮೊದಲು ಬರೋ ಪ್ರಶ್ನೆ "ಎಷ್ಟು ಜನ?" ಕಂಬಳಿ ಒಗೆಯೋದು, ಅಕ್ಕಿ ನೆನೆಸಿ ಸಂಡಿಗೆ ಇಡೋದು, ತಲೆಗೆ ಮೆಹೆಂದಿ ಹಚ್ಕೊಳ್ಳೋದು, ಎಲ್ಲಾ ನೀರು ಬಂದ ಮಾರನೇ ದಿನ. ಮೂಲೆಮನೆ ಆಂಟಿಯ ಸೊಸೆ ಬೆಂಗಳೂರಿಂದ ಬಂದವಳು ದಿನಾ ಎರಡು ಸಲ ಸ್ನಾನ ಮಾಡ್ತಾಳೆ ಅನ್ನೋದು ಒಂದು ತಿಂಗಳು ಬೀದೀಲಿ ಮಾತಾಗಿತ್ತು. ಪಾಪ, ಹುಡುಗಿ ಬೇರೇನೂ ತಪ್ಪು ಮಾಡಿರಲಿಲ್ಲ.

ನೀರು ಬರೋದು ನಂಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತೆ. ಗೇಟಿನ ಪಕ್ಕದ ಗುಂಡೀಲಿರೋ ನಲ್ಲಿ ತಿರುಪು ಸ್ವಲ್ಪ ಸಡಿಲ ಬಿಟ್ಟಿರ್ತೀನಿ. ಮೊದಲು ಗಾಳಿ, ಬುಸ್ ಅಂತ, ಬುಟ್ಟೀಲಿ ಹಾವಿದ್ದ ಹಂಗೆ. ಆಮೇಲೆ ಎರಡು ನಿಮಿಷ ಏನೂ ಇಲ್ಲ. ಈ ಎರಡು ನಿಮಿಷದಲ್ಲಿ ಎಷ್ಟೋ ಸಲ ಮೋಸ ಆಗಿದೆ, ಬರೀ ಗಾಳಿ ಬಂದು ಹೋಗಿದೆ. ಆಮೇಲೆ ಕೆಮ್ಮು. ಖೊಳ್ ಖೊಳ್ ಅಂತ ಒಂದಿಷ್ಟು ಕೆಂಪು ನೀರು ಕಾರುತ್ತೆ, ಚಹಾ ಬಣ್ಣ, ತುಕ್ಕಿನ ವಾಸನೆ. ಅದನ್ನ ಮೊದಲು ಚರಂಡಿಗೆ ಬಿಡಬೇಕು. ಅರಿಯದೋರು ಅದನ್ನೇ ಸಂಪಿಗೆ ಬಿಟ್ಕೊಂಡು ತಿಂಗಳೆಲ್ಲ ಸಂಪಿನ ತಳ ಕೆರೀತಾರೆ. ಅಂಗೈ ಒಡ್ಡಿದ್ರೆ ರೇಖೆ ಕಾಣ್ಬೇಕು, ಆಗ ಪೈಪ್ ಸಿಕ್ಕಿಸೋದು. ನಮ್ದು ಮುಗಿಸಿ ಕೆಂಪು ದಾರದ ಕೈ ತಗೊಂಡು ಹೊರಡ್ತೀನಿ. ಎಲ್ಲರ ನಲ್ಲೀನೂ ಒಟ್ಟಿಗೆ ತೆಗೆಯೋ ಹಂಗಿಲ್ಲ, ತೆಗೆದ್ರೆ ಕೊನೇ ಮನೆಗೆ ದಾರದಷ್ಟೂ ಬರಲ್ಲ. ಅದರ ಮೇಲೆ ನಲ್ಲಿಗೇ ಮೋಟ್ರು ಸಿಕ್ಕಿಸಿ ಎಳೆಯೋ ಪುಣ್ಯಾತ್ಮರು ಒಂದಿಬ್ಬರು ಇದ್ದಾರೆ. ಅವರ ಮೋಟ್ರು ಶುರುವಾಯ್ತು ಅಂದ್ರೆ ನಮ್ಮ ಪೈಪು ಬಾಯಿ ಮುಚ್ಕೊಂಡು ಒಳಕ್ಕೆ ಎಳ್ಕೊಳ್ಳುತ್ತೆ. ಆ ಸದ್ದು ಕೇಳಿದ್ರೆ ನನ್ನ ಬಾಯಲ್ಲಿ ಬರೋ ಮಾತು ಇಲ್ಲಿ ಬರೆಯೋ ಹಂಗಿಲ್ಲ.

ಖುಷಿ ಅಂತ ಒಂದಿದೆ, ಅದನ್ನೂ ಹೇಳ್ತೀನಿ. ನಮ್ಮ ಸಂಪು ಆರಡಿ ಉದ್ದ, ಐದಡಿ ಅಗಲ, ಐದಡಿ ಆಳ. ನಾಲ್ಕು ಸಾವಿರ ಲೀಟರ್ ಚಿಲ್ಲರೆ ಹಿಡಿಯುತ್ತೆ. ಅದು ತುಂಬಿದ ಮೇಲೆ ನಾನು ಮುಚ್ಚಳ ಹಾಕೋ ಮುಂಚೆ ಮೊಬೈಲ್ ಟಾರ್ಚ್ ಬಿಟ್ಟು ಒಂದು ಸಲ ನೋಡ್ತೀನಿ. ಬೆಳಕು ನೀರಿಗೆ ಬಿದ್ದು ಎದ್ದು ಬಂದು ಮುಚ್ಚಳದ ಒಳಮೈಯಲ್ಲಿ ಬಲೆ ಹಂಗೆ ಆಡುತ್ತೆ. ಕೈ ಇಳಿಬಿಟ್ರೆ ಮೊಣಕೈವರೆಗೂ ತಂಪು. ರಾತ್ರಿ ಎರಡೂವರೆಗೆ ನೈಟಿ ಮೇಲೊಂದು ಟವೆಲ್ ಹೊದ್ದು, ನೆಲದ ಮೇಲೆ ಮಂಡಿಯೂರಿ ಕೂತು, ಒಂದು ತೊಟ್ಟಿ ನೀರು ನೋಡಿ ನಗೋ ಹೆಂಗಸನ್ನ ಯಾರಾದ್ರೂ ನೋಡಿದ್ರೆ ನಿಧಿ ಸಿಕ್ಕಿದೆ ಅಂದ್ಕೋಬೇಕು. ನಲ್ಲೀಲಿ ನೀರು ಬರೋದು ನಿಧಿ ಏನಲ್ಲ, ಕಂದಾಯ ಕಟ್ಟಿರ್ತೀವಿ. ಅದು ಗೊತ್ತಿದ್ದೂ ನಗು ಬರುತ್ತಲ್ಲ, ಅದಕ್ಕೆ ನನ್ನ ಮೇಲೆ ನಂಗೇ ಸಿಟ್ಟು ಬರುತ್ತೆ.

ಬೋರ್ ಇಲ್ವಾ ಅಂತೀರಿ. ಇದೆ. ಹಿಂದಿನ ರಸ್ತೇಲಿ ಒಂದಿದೆ, ಆ ನೀರೂ ಆಗಾಗ ಬಿಡ್ತಾರೆ. ನಮ್ಮ ಮನೆ ಓನರ್ರೂ ಒಂದು ಕೊರೆಸಿದ್ರು, 900 ಅಡಿ. ಲಾರಿ ಎರಡು ರಾತ್ರಿ ಇಡೀ ಬೀದಿಗೆ ನಿದ್ದೆ ಕೊಡದೆ ಕೊರೆದು ಬೂದಿ ಬಣ್ಣದ ಧೂಳು ಹಾರಿಸಿ ಹೋಯ್ತು. ಆ ಧೂಳು ಒಬ್ಬರ ಕೆನೆಬಣ್ಣದ ರೇಷ್ಮೆ ಮೇಲೆ ಕೂತಿದ್ದನ್ನ ನಾನು ಬ್ರಷ್ಷಲ್ಲಿ ಉಜ್ಜಿ ಉಜ್ಜಿ ತೆಗೆದೆ. ಅದಾದ ಮುಂದಿನ ಭಾನುವಾರ ನಾಮದ ಚಿಲುಮೆಗೆ ಹೋಗಿದ್ವಿ. ಹಣೆಗೆ ನಾಮ ಇಟ್ಕೊಳ್ಳೋಕೆ ನೀರು ಸಿಗಲಿಲ್ಲ ಅಂತ ರಾಮ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಅಲ್ಲಿನ ಕತೆ. ಈಗಲೂ ಆ ಪುಟ್ಟ ಗುಂಡೀಲಿ ನೀರಿದೆ. ಓನರ್ರು ಬಗ್ಗಿ ಅದನ್ನ ನೋಡ್ತಾನೇ ನಿಂತಿದ್ರು. "ಒಂದೇ ಬಾಣಕ್ಕೆ!" ಅಂದ್ರು. ಅವರಿಗೆ ಎರಡು ಲಕ್ಷ ಹೋಗಿತ್ತು.

ಬೋರ್ ನೀರಿಗೂ ಹೇಮಾವತಿಗೂ ಏನು ವ್ಯತ್ಯಾಸ ಅಂತ ಕೇಳೋರು ತೊಗರಿಬೇಳೆ ಬೇಯಿಸಿ ನೋಡಬೇಕು. ಹೇಮಾವತೀಲಿ ಮೂರು ವಿಷಲ್ಲಿಗೆ ಬೆಣ್ಣೆ. ಬೋರ್ ನೀರಲ್ಲಿ ಆರು ಕೂಗಿಸಿದ್ರೂ ಬೇಳೆ ಬೇಳೆ ಹಂಗೇ ಎದ್ದು ನೋಡುತ್ತೆ. ಸುಣ್ಣದ ಅಂಶ ಜಾಸ್ತಿ, ಅದು ಬೇಳೆ ಒಳಗೆ ಕೂತು ಬಿಡ್ಕೊಳ್ಳೋಕೆ ಬಿಡಲ್ಲ. ಸೋಪು ನೊರೆ ಬರಲ್ಲ, ಕಾಫಿ ಒಡೆದ ಹಂಗಿರುತ್ತೆ. ಇದನ್ನೆಲ್ಲ ಸಹಿಸ್ಕೋಬಹುದು. ನನಗೆ ಪೆಟ್ಟು ಬಿದ್ದಿದ್ದು ಲೈನಿಂಗಲ್ಲಿ.

ಹೊಲಿಗೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ಕಾಟನ್ ಲೈನಿಂಗ್ ಬಟ್ಟೇನ ಅಂಗಡಿಯಿಂದ ತಂದ ಹಂಗೇ ಕತ್ತರಿಸಿದ್ರೆ ಕೆಟ್ರಿ. ಅದನ್ನ ಮೊದಲು ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಇಡಬೇಕು. ಇಲ್ದಿದ್ರೆ ಮೊದಲನೇ ಒಗೆತಕ್ಕೆ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಹಂಗೇ ಉಳಿದು, ಬೆನ್ನ ಮೇಲೆ ಹಪ್ಪಳದ ಹಂಗೆ ಉಬ್ಬುತ್ತೆ. ಅಂದ್ರೆ ನನ್ನ ಕೆಲಸ ಶುರುವಾಗೋದೇ ಒಂದು ಬಕೆಟ್ ನೀರಿಂದ. ಹೋದ ವರ್ಷ ಏಪ್ರಿಲ್ಲಲ್ಲಿ ಎಂಟು ದಿನ ಹೇಮಾವತಿ ಬರಲಿಲ್ಲ. ಮದುವೆಗೆ ನಾಲ್ಕು ದಿನ ಇತ್ತು. ವಿಧಿಯಿಲ್ದೆ ಕಪ್ಪು ಲೈನಿಂಗನ್ನ ಬೋರ್ ನೀರಲ್ಲಿ ನೆನೆಸಿದೆ. ಒಣಗಿದ ಮೇಲೆ ನೋಡ್ತೀನಿ, ಅಲ್ಲಲ್ಲಿ ಬಿಳಿ ಕಲೆ, ಎಳೆ ರಂಗೋಲಿ ಪುಡಿ ಚೆಲ್ಲಿದ ಹಂಗೆ. ಒಳಗಡೆ ತಾನೆ, ಯಾರು ನೋಡ್ತಾರೆ ಅಂತ ಹೊಲಿದುಬಿಟ್ಟೆ. ನನ್ನ ತಪ್ಪೇ. ಮದುಮಗಳ ಬೆವರಿಗೆ ಆ ಕಲೆ ಕರಗಿ ಮೇಲಿನ ಬಟ್ಟೆಗೂ ಎದ್ದು, ತೋಳಿನ ಕೆಳಗೆ ಬಿಳಿ ಗೆರೆ ಕೂತ್ಬಿಡ್ತು. ಅವರಮ್ಮ ಬ್ಲೌಸ್ ತಂದು ನನ್ನ ಮಿಷನ್ ಮೇಲೆ ಇಟ್ಟರೇ ಹೊರತು ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಹೊಲಿಗೆ ದುಡ್ಡು ವಾಪಸ್ ಕೊಟ್ಟೆ. ಅವರು ಮತ್ತೆ ಬರಲಿಲ್ಲ.

ಇದನ್ನ ಅಮ್ಮನಿಗೆ ಫೋನಲ್ಲಿ ಹೇಳಿದ್ರೆ ಅಮ್ಮ ನಕ್ಕಳು. ನನ್ನ ತವರು ಪಾವಗಡ ತಾಲೂಕು. ನಮ್ಮದೇ ಜಿಲ್ಲೆ, ಆದ್ರೆ ಸುತ್ತ ಆಂಧ್ರ, ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ತುಮಕೂರಿಗೆ ನೂರು ಕಿಲೋಮೀಟರ್ ಚಿಲ್ಲರೆ. ಅಮ್ಮ ಫೋನ್ ಎತ್ತಿದ ತಕ್ಷಣ ಕೇಳೋದು ಊಟ ಆಯ್ತಾ ಅಂತ ಅಲ್ಲ, "ನೀಳ್ಳು ವಚ್ಚಿನಾಯಾ?" ಅಂತ. ನೀರು ಬಂತಾ? ನಾವು ಚಿಕ್ಕೋರಿದ್ದಾಗ ಕೈಪಂಪಿನ ನೀರು ಕುಡಿದೋರು. ಅದರಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ಸ್ಕೂಲಿಗೆ ಬಂದ ಆರೋಗ್ಯ ಇಲಾಖೆಯೋರು ಹೇಳಿ ಹೋದ್ರು, ಹಲ್ಲು ಮೊಳೆಯೋ ವಯಸ್ಸಲ್ಲಿ ಕುಡಿದ್ರೆ ಕಲೆ ಹೋಗಲ್ಲ ಅಂತಾನೂ ಹೇಳಿದ್ರು. ಅಷ್ಟೊತ್ತಿಗೆ ನಮ್ಮ ಹಲ್ಲು ಮೊಳೆದಾಗಿತ್ತು. ನನ್ನ ಮುಂದಿನ ಎರಡು ಹಲ್ಲಲ್ಲಿ ಅಡ್ಡಡ್ಡ ಕಂದುಗೆರೆ ಇದೆ. ಮದುವೆ ಆಲ್ಬಮ್ಮಲ್ಲಿ ಒಂದು ಫೋಟೋದಲ್ಲೂ ನಾನು ಬಾಯ್ಬಿಟ್ಟು ನಕ್ಕಿಲ್ಲ. ಗಂಭೀರ ಹುಡುಗಿ ಅಂತ ಅತ್ತೆಮನೆ ಕಡೆಯೋರು ಹೊಗಳಿದ್ರಂತೆ.

ಅದಕ್ಕೇ ಇರಬೇಕು, ನಲ್ಲಿ ಬುಸ್ ಅಂದ್ರೆ ನಂಗೆ ಮಲಗಿರೋಕೆ ಆಗಲ್ಲ. ಬೀದಿಯೋರಿಗೆ ಇದು ಗೊತ್ತು, ಅದನ್ನೇ ಹಿಡ್ಕೊಂಡಿದ್ದಾರೆ.

ಗಂಡಸರದ್ದು ಬೇರೆ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ (ನಾಲೆ ನೀರನ್ನ ಮಧ್ಯದಲ್ಲೇ ಪೈಪಿಗೆ ಇಳಿಸಿ ಕುಣಿಗಲ್ ಕಡೆಗೆ ಒಯ್ಯೋ ಯೋಜನೆ) ಗಲಾಟೆ ಜೋರಾಗಿದ್ದಾಗ ನಮ್ಮ ಬೀದಿ ಗಂಡಸರೆಲ್ಲ ಎಂಜಿನಿಯರ್ ಆಗಿದ್ರು. ನಮ್ಮ ಪಾಲು ಎಷ್ಟು ಟಿಎಂಸಿ, ಕುಣಿಗಲ್ ಕಡೆಗೆ ಪೈಪಲ್ಲಿ ಎಷ್ಟು ಹೋಗುತ್ತೆ, ಯಾರ ಕಾಲದಲ್ಲಿ ಏನಾಯ್ತು ಅಂತ ಸಂಜೆ ಹೊತ್ತು ನಮ್ಮ ಗೇಟಿನ ಮುಂದೆ ದಿನಾ ಸಭೆ. ನಾನು ಮಗನನ್ನ ಕರೆದು, ಒಂದು ಟಿಎಂಸಿ ಅಂದ್ರೆ ಎಷ್ಟೋ ಅಂದೆ. ಮೊಬೈಲಲ್ಲಿ ಲೆಕ್ಕ ಮಾಡಿ 2,831 ಕೋಟಿ ಲೀಟರ್ ಅಂದ. ನನ್ನ ಬಿಂದಿಗೆ 15 ಲೀಟರಿಂದು. ಹತ್ತತ್ರ 189 ಕೋಟಿ ಬಿಂದಿಗೆ ಆಯ್ತು. ಹೊರಗೆ ಬಂದು ಇದನ್ನ ಹೇಳಿ, "ನಿಮ್ಮಲ್ಲಿ ಯಾರು ಒಂದು ಬಿಂದಿಗೆ ಹೊತ್ತಿದ್ದೀರಿ?" ಅಂತ ಕೇಳಿದೆ. ಮೇಷ್ಟ್ರು ಕನ್ನಡಕ ಒರೆಸ್ಕೊಂಡ್ರು. ನಮ್ಮ ಯಜಮಾನ್ರು ಮಾರನೇ ದಿನ ಬೇಗ ಏಳಬೇಕು ಅಂತ ಒಳಗೆ ಹೋದ್ರು. ಹಂಗಂತ ಲಿಂಕ್ ಕೆನಾಲ್ ಬಗ್ಗೆ ನಂಗೆ ಅಭಿಪ್ರಾಯ ಇಲ್ಲ ಅಂತಲ್ಲ. ಇದೆ. ನಾಲೆ ಕೊನೇಲಿರೋನ ಕಷ್ಟ ನಂಗೆ ಗೊತ್ತು, ಬೀದಿ ಕೊನೇ ಮನೆಗೆ ಪೈಪ್ ಹಾಕೋಳು ನಾನು. ಆದ್ರೆ ಮಧ್ಯದಲ್ಲೇ ಮೋಟ್ರು ಸಿಕ್ಕಿಸಿ ಎಳೆದ್ರೆ ಏನಾಗುತ್ತೆ ಅನ್ನೋದೂ ಗೊತ್ತು.

ಈಗ ವಿಷಯಕ್ಕೆ ಬರ್ತೀನಿ. ಮಾರ್ಚಲ್ಲಿ ಗುಬ್ಬಿಯಲ್ಲಿ ನಾದಿನಿ ಮೊಮ್ಮಗಳ ನಾಮಕರಣ ಇತ್ತು. ಹಿಂದಿನ ದಿನವೇ ಹೋದೆ, ಒಂದು ರಾತ್ರಿ ಉಳ್ಕೊಂಡೆ. ಮೂರು ವರ್ಷದಲ್ಲಿ ನಾನು ರಾತ್ರಿ ಮನೇಲಿಲ್ಲದ್ದು ಅದೇ ಮೊದಲು. ನೀರು ಬಂದು ಎರಡೇ ದಿನ ಆಗಿತ್ತು, ಇನ್ನೂ ಎರಡು ದಿನ ಬರಲ್ಲ ಅಂತ ಧೈರ್ಯ. ಅವತ್ತೇ ರಾತ್ರಿ ಬಂತು! ಮಗ ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ಮಲಗಿದ್ದ. ಯಜಮಾನ್ರು ಎದ್ದಾಗ ಮೂರೂವರೆ, ನಲ್ಲಿ ನಿಂತು ಹೋಗಿತ್ತು.

ಮಾರನೇ ದಿನ ಸಂಜೆ ಬಸ್ಸಿಳಿದು ಬಂದೆ. ಕೈಯಲ್ಲಿ ನಾಮಕರಣದ ಸಿಹಿ ಡಬ್ಬ. ಬ್ಯಾಂಕಿನ ಹುಡುಗಿ ಗೇಟಲ್ಲೇ ಸಿಕ್ಕಳು. "ಹೇಳಿ ಹೋಗಬಾರದಿತ್ತಾ ಅಕ್ಕ? ಟ್ಯಾಂಕರ್ ತರಿಸ್ಬೇಕಾಯ್ತು." ಮೂಲೆಮನೆ ಆಂಟಿ ಕಾಂಪೌಂಡ್ ಮೇಲಿಂದ, "ಅವರಿಗೇನು, ಅವರ ಮನೆ ಸಂಪು ದೊಡ್ಡದು" ಅಂತ ಸೊಸೆಗೆ ಹೇಳಿದ್ದು ನಂಗೆ ಕೇಳ್ಲಿ ಅಂತಲೇ. ಮೇಷ್ಟ್ರು ಏನೂ ಅನ್ನಲಿಲ್ಲ, ಬರೀ "ಬಂದ್ರಾ?" ಅಂದ್ರು. ಆ ಬಂದ್ರಾದಲ್ಲಿ ಎಲ್ಲಾ ಇತ್ತು. ನರ್ಸಮ್ಮ ಒಬ್ಬಳೇ, "ಹುಡುಗೀಗೆ ಏನು ಹೆಸರಿಟ್ರು?" ಅಂತ ಕೇಳಿದ್ದು.

ನಾನು ಒಳಗೆ ಹೋದೆ, ಸೀರೆ ಕೂಡ ಬದಲಿಸಲಿಲ್ಲ. ಮೊಳೆಯಿಂದ ಐದೂ ಬೀಗದಕೈ ತೆಗೆದೆ. ಮನೆ ಮನೆಗೆ ಹೋಗಿ ಕೊಟ್ಟು ಬಂದೆ. ಜಗಳ ಆಡಲಿಲ್ಲ. "ಇನ್ಮೇಲೆ ನಂಗೆ ಆಗಲ್ಲ, ಕೆಲಸ ಜಾಸ್ತಿ ಇದೆ" ಅಂದೆ, ಅಷ್ಟೇ. ಅಜ್ಜಿ ಮಾತ್ರ ಕೈ ಚಾಚಲಿಲ್ಲ. "ಅದನ್ನ ನಾನು ಇಟ್ಕೊಂಡು ಏನು ಮಾಡ್ಲಿ? ನಂಗೆ ಮುಚ್ಚಳ ಎತ್ತೋಕಾಗಲ್ವಲ್ಲೇ" ಅಂದಳು. ಹಂಗಾಗಿ ತಿಮ್ಮಪ್ಪ ಒಬ್ಬ ಮೊಳೆಗೆ ವಾಪಸ್ ಬಂದ. ಟೇಪಿಗೆ ಜಾಗ ಸಿಕ್ತು.

ನಾಲ್ಕನೇ ರಾತ್ರಿ, ಎರಡೂ ಹತ್ತಕ್ಕೆ, ಬುಸ್. ನಮ್ಮ ಪೈಪ್ ಹಾಕಿದೆ. ಅಜ್ಜಿದು ಹಾಕಿದೆ. ಬಂದು ಮಲಗಿದೆ. ಬೀದಿ ಪೂರ್ತಿ ಕತ್ತಲೆ, ಒಂದು ಮೋಟ್ರೂ ಇಲ್ಲ, ಒಂದು ಬಕೆಟ್ ಸದ್ದೂ ಇಲ್ಲ. ಮಲಗ್ಲಿ, ಟ್ಯಾಂಕರ್ ತರಿಸ್ಕೊಳ್ಳಲಿ ಅಂದ್ಕೊಂಡೆ. ಮಗ್ಗುಲು ಬದಲಿಸಿದೆ. ನೀರು ನಮ್ಮ ಸಂಪಿಗೆ ಬೀಳೋ ಸದ್ದು ಕೇಳಿಸ್ತಾನೇ ಇತ್ತು. ಅಷ್ಟು ದೂರದಿಂದ ಬಂದಿರೋ ನೀರು, ಬೀದೀಲಿ ಯಾರೂ ಬಾಗಿಲು ತೆಗೆದಿಲ್ಲ. ಪಾವಗಡದಲ್ಲಿ ಟ್ಯಾಂಕರ್ ಬಂದಾಗ ಅಮ್ಮ ತಟ್ಟೆ ಬಡೀತಾ ಓಡ್ತಿದ್ದಳು, ಬಾವಿಕಟ್ಟೆ ಹತ್ರ ಜಗಳ ಆಡಿ ಮಾತು ಬಿಟ್ಟೋರ ಮನೆ ಮುಂದೂ ನಿಂತು ಬಡೀತಿದ್ದಳು.

ಎದ್ದೆ. ಸೌಟು, ಸ್ಟೀಲ್ ತಟ್ಟೆ ತಗೊಂಡು ಹೊರಗೆ ಬಂದು ಒಂದೊಂದು ಗೇಟಿನ ಮುಂದೂ ನಿಂತು ಬಡಿದೆ. ಬೀದಿನಾಯಿ ಎರಡು ನನ್ನ ಜೊತೆ ಸೇರ್ಕೊಂಡ್ವು. ಮೇಷ್ಟ್ರು ಪಂಚೆ ಕಟ್ಕೊಳ್ತಾ ಬಂದ್ರು, ಕಳ್ಳ ಅಂದ್ಕೊಂಡು ಕೈಯಲ್ಲಿ ಛತ್ರಿ. ಬ್ಯಾಂಕಿನ ಹುಡುಗಿ ಗಂಡ ಪೈಪಿನ ಯಾವ ತುದಿ ಯಾವುದಕ್ಕೆ ಅಂತ ಗೊತ್ತಾಗದೆ ನಿಂತ. ಕೆಂಪು ನೀರು ನೇರ ಸಂಪಿಗೆ ಬಿಡೋಕೆ ಹೋದ, ನಾನು ಕೂಗಿದೆ. ಮೂಲೆಮನೆ ಸೊಸೆ ನೋಡಿ, ಎರಡು ಸಲ ಸ್ನಾನ ಮಾಡೋ ಹುಡುಗಿ, ಯಾರೂ ಹೇಳದೆ ಅಂಗೈ ಒಡ್ಡಿ ನೀರಿನ ಬಣ್ಣ ನೋಡಿದಳು. ಅದೆಲ್ಲಿ ಕಲಿತಳೋ. ಮೂರು ಗಂಟೆಗೆ ಬೀದಿ ತುಂಬ ಲೈಟು. ಅಜ್ಜಿ ಕಾಫಿ ಕಾಯಿಸಿ ಕಿಟಕೀಲಿ ಒಂದೊಂದೇ ಲೋಟ ಇಟ್ಟಳು, ಹೇಮಾವತಿ ಕಾಫಿ, ಒಡೆಯದ್ದು. ಯಾರೂ ಕ್ಷಮೆ ಕೇಳಲಿಲ್ಲ. ನಾನೂ ಅದಕ್ಕೆ ಕಾಯ್ತಾ ಇರಲಿಲ್ಲ ಅಂತ ಸುಳ್ಳು ಹೇಳಲ್ಲ.

ಮಾರನೇ ದಿನ ಮೇಷ್ಟ್ರು ಬೀಗದಕೈ ಹಿಡ್ಕೊಂಡು ಬಂದ್ರು. ನಾನು ಮಿಷನ್ ನಿಲ್ಲಿಸದೆ ಹೇಳಿದೆ, "ತಿಂಗಳಿಗೆ ನೂರು ರೂಪಾಯಿ ಆಗುತ್ತೆ, ಮೇಷ್ಟ್ರೇ." ಅವರು ಸ್ವಲ್ಪ ಹೊತ್ತು ನಿಂತ್ರು. "ಅಲ್ಲಮ್ಮ, ನೀನು ಹೇಗೂ ಮನೇಲೇ..." ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದ್ರು. ಬುದ್ಧಿವಂತರು. ನರ್ಸಮ್ಮ ಇನ್ನೂರು ಕೊಡ್ತೀನಿ ಅಂದಳು, ನೂರೇ ಸಾಕು ಅಂದೆ. ಬ್ಯಾಂಕಿನ ಹುಡುಗಿ ಒಪ್ಪಿದಳು, ಜೊತೆಗೆ ಕೊರಿಯರ್‌ಗೂ ಸೇರಿಸ್ಕೊಳ್ಳಿ ಅಂತ ಕೇಳಿದಳು. ಕೊರಿಯರ್ ಬೇರೆ ರೇಟು ಅಂದೆ. ಮೂಲೆಮನೆ ಆಂಟಿ ಮಾತ್ರ ನೂರು ರೂಪಾಯಿ ಜಾಸ್ತಿ ಆಯ್ತು ಅಂತ ಬೀಗದಕೈ ಕೊಟ್ಟಿಲ್ಲ, ಅವರ ಸೊಸೇನೇ ಈಗ ರಾತ್ರಿ ಏಳ್ತಾಳೆ. ಅಜ್ಜೀದು ದುಡ್ಡಿಲ್ಲ. ಕಾಫಿ ಇದೆಯಲ್ಲ.

ದುಡ್ಡು ತಗೊಂಡ ಮೇಲೆ ಲೆಕ್ಕ ಇಡಬೇಕು ಅಂತ ನನ್ನ ಅಳತೆ ಪುಸ್ತಕದ ಕೊನೇ ಹಾಳೇಲಿ ಒಂದು ಗೆರೆ ಹೊಡೆದೆ. ಮುಂದಿನ ಹಾಳೆಗಳಲ್ಲೆಲ್ಲ ಎದೆ, ಸೊಂಟ, ತೋಳು, ಕತ್ತಿನ ಆಳ. ಇದರಲ್ಲಿ ಬರೀ ತಾರೀಖು, ಬಂದ ಹೊತ್ತು, ನಿಂತ ಹೊತ್ತು. ನಾಲ್ಕು ದಿನ, ಐದು ದಿನ, ನಾಲ್ಕು, ಆರು, ಎರಡು, ಏಳು. ಈ ಅಳತೆಗೆ ಯಾವ ಬ್ಲೌಸೂ ಹೊಲಿಯೋಕಾಗಲ್ಲ.

ಹೋದ ವಾರ ಮಧ್ಯಾಹ್ನ ಗೇಟಿನ ಹತ್ರ ಸೈಕಲ್ ಬೆಲ್. ವಾಲ್ವ್ ತಿರುಗಿಸೋ ಅಣ್ಣ. ಯಾವಾಗ್ಲೂ ನಾವು ಅವನನ್ನ ಅಡ್ಡಹಾಕಿ "ಇವತ್ತು ಬಿಡ್ತೀರೇನಣ್ಣ?" ಅಂತ ಬೇಡ್ಕೊಳ್ಳೋದು, ಅವನು ನೋಡೋಣ ಅನ್ನೋದು. ಅವತ್ತು ಅವನೇ ಒಳಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ಕೆರ್ಕೊಂಡ.

"ಅಕ್ಕ, ನಿಮ್ಮ ರಸ್ತೆಗೆ ಲಾಸ್ಟ್ ಯಾವಾಗ ಬಿಟ್ಟಿದ್ದೆ? ಏನೋ ಬರೆದಿಟ್ಕೊಂಡಿದ್ದೀರಂತಲ್ಲ."

ಪುಸ್ತಕ ತೆಗೆದು ನೋಡಿ ಹೇಳಿದೆ. "ಮಂಗಳವಾರ. ರಾತ್ರಿ ಒಂದೂ ನಲವತ್ತರಿಂದ ಮೂರೂ ಕಾಲು."

ಅವನು ಜೇಬಿಂದ ಪೆನ್ನು ತೆಗೆದು ಅಂಗೈ ಮೇಲೆ ಬರ್ಕೊಂಡ.